ಸಂತ ಪ್ಯಾಟ್ರಿಕ್‌ನ ಹಬ್ಬ: ಹೊರನಾಡು, ಮಾರುಕಟ್ಟೆ ಮತ್ತು ಭಾಷೆಯ ಪ್ರಶ್ನೆ

1

ಮಾರ್ಚ್ 17 ಐರ್ಲೆಂಡಿನ ರಾಷ್ಟ್ರೀಯ ಹಬ್ಬದ ದಿನ. ಐದನೆಯ ಶತಮಾನದಲ್ಲಿ ಆ ದ್ವೀಪದಲ್ಲಿ ಕ್ರೈಸ್ತಧರ್ಮವನ್ನು ಬೋಧಿಸಿದ ಸಂತ ಪ್ಯಾಟ್ರಿಕ್ ತೀರಿಕೊಂಡ ದಿನವೆಂದು ಪರಂಪರೆ ನಂಬಿಕೊಂಡು ಬಂದ ದಿನ ಅದು. ಆದರೆ ಲೋಕ ಈ ಹಬ್ಬವನ್ನು ಗುರುತಿಸುವುದು ಐರ್ಲೆಂಡಿನ ಇಗರ್ಜಿಗಳ ಪೂಜೆಯಿಂದಲ್ಲ. ನ್ಯೂಯಾರ್ಕಿನ ಮೆರವಣಿಗೆಯಿಂದ, ಹಸಿರು ಬಣ್ಣ ಕಲಸಿದ ಷಿಕಾಗೊ ನದಿಯಿಂದ, ಹಸಿರು ಟೊಪ್ಪಿಗೆ ತೊಟ್ಟು ಬಿಯರ್ ಕುಡಿಯುವ ಜನಜಂಗುಳಿಯಿಂದ. ಇದನ್ನು ಕುರಿತ ಬರಹಗಳಲ್ಲಿ ಒಂದು ವಿಷಾದದ ಧಾಟಿ ಮತ್ತೆ ಮತ್ತೆ ಕೇಳಿಬರುತ್ತದೆ. ತಾಯ್ನಾಡಿನಲ್ಲಿ ಪವಿತ್ರವಾಗಿದ್ದ ಹಬ್ಬ ಪರದೇಶಕ್ಕೆ ಹೋಗಿ, ವ್ಯಾಪಾರಿಗಳ ಕೈಗೆ ಸಿಕ್ಕಿ ಕೆಟ್ಟಿತು ಎಂಬುದು ಅದರ ಸಾರ.

ಈ ನಿಲುವು ಇತಿಹಾಸದ ಎದುರು ನಿಲ್ಲುವುದಿಲ್ಲ. ಹಾಗೆಂದು ಮಾರುಕಟ್ಟೆ ನಿರಪರಾಧಿಯೆಂದೂ ಹೇಳಲಾಗದು. ಹಬ್ಬದಿಂದ ಮಾರುಕಟ್ಟೆ ಏನನ್ನು ಎತ್ತಿಕೊಂಡಿತು, ಏನನ್ನು ಮಾರಲಾಗದೆ ಬಿಟ್ಟುಹೋಯಿತು ಎಂಬ ಲೆಕ್ಕವನ್ನು ಹಾಕಿದರೆ ಮಾತ್ರ ಹಾನಿಯ ಸ್ವರೂಪ ತಿಳಿದೀತು ಎಂಬುದು ಪ್ರಸ್ತುತ ಲೇಖನದ ವಾದ. ಮೈಕ್ ಕ್ರೋನಿನ್ ಮತ್ತು ಡ್ಯಾರಿಲ್ ಅಡೇರ್ 2002ರಲ್ಲಿ ಪ್ರಕಟಿಸಿದ ‘ದ ವೇರಿಂಗ್ ಆಫ್ ದ ಗ್ರೀನ್’ ಎಂಬ ಗ್ರಂಥ ಈ ಹಬ್ಬದ ಚರಿತ್ರೆಯನ್ನು ಹಲವು ದೇಶಗಳ ನೆಲೆಯಲ್ಲಿ ಒಟ್ಟುಗೂಡಿಸಿಕೊಟ್ಟಿದೆ. ಆ ಚರಿತ್ರೆ ನಮ್ಮ ಕೈಗೆ ದೊರೆತಿರುವಾಗ ಶುದ್ಧ ಮೂಲ, ಭ್ರಷ್ಟ ನಕಲು ಎಂಬ ಹಳೆಯ ಚೌಕಟ್ಟಿಗೆ ಅಂಟಿಕೊಳ್ಳಬೇಕಾದ ಅಗತ್ಯವಿಲ್ಲ.

2

ಮೊದಲಿಗೆ ಮೂಲದ ವಿಚಾರ. ಪ್ಯಾಟ್ರಿಕ್ ಹುಟ್ಟಿನಿಂದ ಐರ್ಲೆಂಡಿನವನಲ್ಲ. ರೋಮನ್ ಆಳ್ವಿಕೆಯ ಬ್ರಿಟನ್ನಿನಲ್ಲಿ ಬೆಳೆದ ಅವನನ್ನು ಹದಿನಾರರ ಹರೆಯದಲ್ಲಿ ಐರಿಷ್ ದಾಳಿಕೋರರು ಹಿಡಿದೊಯ್ದು ಗುಲಾಮನನ್ನಾಗಿ ಮಾಡಿದರು. ಆರು ವರ್ಷ ಅಲ್ಲಿ ಮಂದೆ ಕಾಯ್ದು, ತಪ್ಪಿಸಿಕೊಂಡು, ಅನಂತರ ತಾನಾಗಿಯೇ ಅದೇ ನಾಡಿಗೆ ಮರಳಿ ಹೋದೆನೆಂದು ಅವನು ಲ್ಯಾಟಿನ್ನಿನಲ್ಲಿ ಬರೆದ ಆತ್ಮನಿವೇದನೆ ಹೇಳುತ್ತದೆ. ಐರಿಷ್ ಅನನ್ಯತೆಯ ಕುರುಹಾಗಿ ನಿಂತವನು ಒಬ್ಬ ಪರಕೀಯ, ಒಬ್ಬ ಬಂದಿ. ಈ ಸಂಗತಿಯನ್ನು ಹಬ್ಬದ ಸಡಗರ ಸಾಮಾನ್ಯವಾಗಿ ಮರೆಯುತ್ತದೆ.

ಮೆರವಣಿಗೆಯ ಚರಿತ್ರೆಯಂತೂ ಬಹುಮಟ್ಟಿಗೆ ಹೊರನಾಡಿನದೇ. ಸ್ಪೇನಿನ ಆಳ್ವಿಕೆಯಲ್ಲಿದ್ದ ಫ್ಲಾರಿಡಾದ ಸೇಂಟ್ ಅಗಸ್ಟೀನಿನಲ್ಲಿ 1601ರಲ್ಲಿ ಇಂಥ ಮೆರವಣಿಗೆ ನಡೆದುದಕ್ಕೆ ದಾಖಲೆ ದೊರೆತಿದೆ. ಬಾಸ್ಟನ್ನಿನಲ್ಲಿ 1737ರಲ್ಲಿ ಹಬ್ಬವನ್ನು ಆಚರಿಸಿದವರು ಪ್ರಾಟೆಸ್ಟೆಂಟ್ ಮತದ ಐರಿಷರು. ನ್ಯೂಯಾರ್ಕಿನ ಬೀದಿಗಳಲ್ಲಿ 1762ರಲ್ಲಿ ನಡೆದವರಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸೇವೆ ಮಾಡುತ್ತಿದ್ದ ಐರಿಷ್ ಸಿಪಾಯಿಗಳೂ ಇದ್ದರು. ಐರ್ಲೆಂಡಿನಲ್ಲಿ ಈ ದಿನ ಕಾನೂನಿನ ಪ್ರಕಾರ ಸಾರ್ವಜನಿಕ ರಜೆಯಾದದ್ದು 1903ರಲ್ಲಿ. ಸ್ವತಂತ್ರ ರಾಜ್ಯ 1920ರ ದಶಕದಲ್ಲಿ ಮಾಡಿದ ಶಾಸನದಿಂದ ಸುಮಾರು ಮೂರೂವರೆ ದಶಕಗಳ ಕಾಲ ಅಂದು ಅಲ್ಲಿ ಪಾನಗೃಹಗಳು ಮುಚ್ಚಿರುತ್ತಿದ್ದವು. ಇಂದು ಹಬ್ಬದ ತಿರುಳೆಂದು ಲೋಕ ತಿಳಿದಿರುವ ಕುಡಿತ ತಾಯ್ನಾಡಿನಲ್ಲಿ ಅಂದು ನಿಷಿದ್ಧವಾಗಿತ್ತು. ಡಬ್ಲಿನ್ನಿನಲ್ಲಿ ಸರ್ಕಾರದ ಪ್ರೇರಣೆಯಿಂದ ದೊಡ್ಡ ಉತ್ಸವ ಮೊದಲಾದದ್ದು 1996ರಲ್ಲಿ. ಅದನ್ನು ಜಗತ್ತಿನ ಹಿರಿಯ ಉತ್ಸವಗಳ ಸಾಲಿಗೆ ಸೇರಿಸಬೇಕೆಂಬುದು ಘೋಷಿತ ಉದ್ದೇಶ. ಮಗಳ ಮನೆಯ ರೂಢಿಯನ್ನು ನೋಡಿ ತಾಯಿ ತನ್ನ ಮನೆಯ ಹಬ್ಬವನ್ನು ತಿದ್ದಿಕೊಂಡಂತಾಯಿತು.

3

ಹಾಗಿದ್ದರೆ ಹೊರನಾಡಿನವರು ಬೀದಿಗಿಳಿದದ್ದೇಕೆ? 1845ರಿಂದ ಮೊದಲಾದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಮಿಗಿಲಾದ ಸಂಖ್ಯೆಯಲ್ಲಿ ಜನ ಹಡಗು ಹತ್ತಿದರು. ಅಮೆರಿಕದಲ್ಲಿ ಅವರಿಗೆ ದೊರೆತದ್ದು ಕೂಲಿ, ಮನೆಗೆಲಸ, ಜೊತೆಗೆ ಕ್ಯಾಥೊಲಿಕರೆಂಬ ಕಾರಣಕ್ಕೆ ತಿರಸ್ಕಾರ. 1867ರ ಹಬ್ಬದ ದಿನ ನ್ಯೂಯಾರ್ಕಿನಲ್ಲಿ ನಡೆದ ಗಲಭೆಯನ್ನು ಕುರಿತು ಥಾಮಸ್ ನಾಸ್ಟ್ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಬರೆದ ಚಿತ್ರದಲ್ಲಿ ಐರಿಷರಿಗೆ ವಾನರ ಮುಖಗಳಿವೆ, ಅವರು ಪೊಲೀಸರನ್ನು ಬಡಿಯುತ್ತಿದ್ದಾರೆ. ಇಂಥ ಚಿತ್ರಕ್ಕೆ ಮೆರವಣಿಗೆಯೇ ಉತ್ತರವಾಗಿತ್ತು. ಶ್ರೀಮಂತರ ಬೀದಿಯಾದ ಐದನೆಯ ಅವೆನ್ಯೂವಿನಲ್ಲಿ, ಅವರ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವರ ಅಣ್ಣತಮ್ಮಂದಿರು ಸಾಲುಗಟ್ಟಿ ನಡೆದಾಗ ಅದು ಭಕ್ತಿಯ ಪ್ರದರ್ಶನ ಮಾತ್ರವಾಗಿರಲಿಲ್ಲ, ತಲೆ ಎಣಿಸಿಕೊಳ್ಳುವ ರಾಜಕಾರಣವೂ ಆಗಿತ್ತು.

ಹಬ್ಬದ ಊಟದಲ್ಲೂ ಇದೇ ವಲಸೆಯ ಕಥೆ ಇದೆ. ಊರಿನಲ್ಲಿ ಉಪ್ಪುಹಾಕಿದ ಹಂದಿಮಾಂಸ ಮತ್ತು ಎಲೆಕೋಸು ತಿನ್ನುತ್ತಿದ್ದವರು, ನ್ಯೂಯಾರ್ಕಿನಲ್ಲಿ ನೆರೆಯ ಯಹೂದಿ ಕಟುಕರ ಅಂಗಡಿಗಳಿಂದ ಉಪ್ಪುನೀರಿನಲ್ಲಿ ಹದಗೊಳಿಸಿದ ಗೋಮಾಂಸವನ್ನು ಕೊಂಡರು. ಅದೇ ಇಂದು ‘ಸಾಂಪ್ರದಾಯಿಕ’ ಐರಿಷ್ ಊಟವೆನಿಸಿದೆ. ಸಂತನಿಗೆ ಮೊದಲು ಸಲ್ಲುತ್ತಿದ್ದ ನೀಲಿಯನ್ನು ಹಸಿರು ಹಿಂದೆ ಸರಿಸಿದ್ದರಲ್ಲೂ 1798ರ ಬಂಡಾಯದ ಪಾಲು ಇದೆ. ಬೆರಕೆ ಎನ್ನುವುದು ಮಾರುಕಟ್ಟೆಯ ಆವಿಷ್ಕಾರವಲ್ಲ. ಬದುಕುವ ಹಬ್ಬದ ಲಕ್ಷಣ.

4

ಮಾರುಕಟ್ಟೆಯ ಕೆಲಸವನ್ನು ಷಿಕಾಗೊದ ಉದಾಹರಣೆಯಿಂದ ತಿಳಿಯಬಹುದು. ಯಾವ ಕಟ್ಟಡದಿಂದ ಕೊಳಚೆ ನದಿಗೆ ಸೇರುತ್ತಿದೆಯೆಂದು ಪತ್ತೆಹಚ್ಚಲು ಅಲ್ಲಿನ ಕೊಳಾಯಿ ಕೆಲಸಗಾರರು ಒಂದು ಬಣ್ಣವನ್ನು ಬಳಸುತ್ತಿದ್ದರು. 1962ರಲ್ಲಿ ಅವರ ಸಂಘ ಹಬ್ಬಕ್ಕೆಂದು ಆ ಬಣ್ಣದ ಸುಮಾರು 100 ಪೌಂಡನ್ನು ನದಿಗೆ ಸುರಿದಾಗ ನೀರು ಒಂದು ವಾರ ಹಸಿರಾಗಿಯೇ ಉಳಿಯಿತು. ಕೊಳೆಯ ಮೂಲವನ್ನು ತೋರಿಸುವ ಸಾಧನ ನೋಟದ ವಸ್ತುವಾಯಿತು. ಇದನ್ನು ಮಾಡಿದವರು ಕಾರ್ಮಿಕರೇ ಹೊರತು ಯಾವ ಕಂಪನಿಯೂ ಅಲ್ಲ. ಆದರೆ ಅನಂತರದ ವ್ಯಾಪಾರಕ್ಕೆ ಇದು ದಾರಿ ತೋರಿಸಿತು. ಹಸಿರು ಬಣ್ಣವೊಂದಿದ್ದರೆ ಸಾಕು, ಅರ್ಥ ಬೇಕಿಲ್ಲ.

ಗಿನ್ನೆಸ್ ಮದ್ಯದ ಕಥೆಯೂ ಹೀಗೆಯೇ ಇದೆ. 1759ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾದ ಈ ಉದ್ಯಮ 1997ರ ವಿಲೀನದಲ್ಲಿ ಲಂಡನ್ನಿನ ಡಿಯಾಜಿಯೊ ಸಂಸ್ಥೆಯ ಪಾಲಾಯಿತು. ಐರಿಷ್‌ತನದ ಗುರುತೆಂದು ಲೋಕವೆಲ್ಲ ಎತ್ತಿ ಹಿಡಿಯುವ ಲೋಟದ ಲಾಭ ಹಳೆಯ ಸಾಮ್ರಾಜ್ಯದ ರಾಜಧಾನಿಯ ಲೆಕ್ಕಕ್ಕೆ ಸೇರುತ್ತದೆ. 1990ರ ದಶಕದಲ್ಲಿ ‘ಹಳ್ಳಿಯ ಗುಡಿಸಲು’, ‘ವಿಕ್ಟೋರಿಯಾ ಕಾಲ’ ಎಂಬಿತ್ಯಾದಿ ಮಾದರಿಗಳಲ್ಲಿ ಐರಿಷ್ ಪಾನಗೃಹಗಳನ್ನೇ ಬಿಡಿಬಿಡಿಯಾಗಿ ತಯಾರಿಸಿ ಬೇರೆ ದೇಶಗಳಿಗೆ ಕಳುಹಿಸುವ ಉದ್ಯಮವೂ ಬೆಳೆಯಿತು. ಪ್ರಭುತ್ವವೂ ಈ ವ್ಯವಹಾರದಿಂದ ದೂರ ಉಳಿಯಲಿಲ್ಲ. 1952ರಲ್ಲಿ ಐರಿಷ್ ರಾಯಭಾರಿ ಅಮೆರಿಕದ ಅಧ್ಯಕ್ಷ ಟ್ರೂಮನ್ನನಿಗೆ ಷ್ಯಾಮ್‌ರಾಕ್ ಎಂಬ ಮೂರೆಲೆಯ ಸೊಪ್ಪಿನ ಪುಟ್ಟ ಪೆಟ್ಟಿಗೆಯೊಂದನ್ನು ಕಳುಹಿಸಿದ; ಅದು ಮುಂದೆ ವರ್ಷಂಪ್ರತಿ ನಡೆಯುವ ರಾಜತಾಂತ್ರಿಕ ವಿಧಿಯಾಯಿತು. 2010ರಿಂದ ಸಿಡ್ನಿಯ ಆಪೆರಾ ಭವನ ಮೊದಲಾದ ಪ್ರಸಿದ್ಧ ಕಟ್ಟಡಗಳಿಗೆ ಹಸಿರು ಬೆಳಕು ಹಾಯಿಸುವ ಕಾರ್ಯಕ್ರಮವನ್ನು ಐರ್ಲೆಂಡಿನ ಪ್ರವಾಸೋದ್ಯಮ ಸಂಸ್ಥೆಯೇ ಕೈಗೊಂಡಿತು.

ಹೀಗೆ ಬಣ್ಣ, ಪಾನೀಯ, ಊಟ, ಸಂಗೀತ ಎಲ್ಲವೂ ಮಾರಾಟವಾದವು. ಮಾರಾಟವಾಗದೆ ಉಳಿದದ್ದು ಭಾಷೆ.

5

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 1903ರ ರಜೆಗಾಗಿ ಒತ್ತಾಯಿಸಿದವರಲ್ಲಿ 1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್ ಮುಂಚೂಣಿಯಲ್ಲಿತ್ತು. ಐರಿಷ್ ಭಾಷೆಯ ಪುನರುಜ್ಜೀವನವೇ ಅದರ ಗುರಿ. 1902ರಲ್ಲಿ ಅದು ಆರಂಭಿಸಿದ ಐರಿಷ್ ಭಾಷಾ ಸಪ್ತಾಹ ಇಂದಿಗೂ ಮಾರ್ಚ್ 17ಕ್ಕೆ ಮುಗಿಯುವಂತೆ ನಡೆಯುತ್ತದೆ. ತಾಯ್ನಾಡಿನ ರಾಷ್ಟ್ರೀಯ ಹಬ್ಬಕ್ಕೆ ಆಧುನಿಕ ರೂಪ ಕೊಟ್ಟವರ ಕಣ್ಣಿನಲ್ಲಿ ಹಬ್ಬವೂ ಭಾಷೆಯೂ ಒಂದೇ ಹೋರಾಟದ ಭಾಗಗಳು.

ಹೊರನಾಡು ಭಾಷೆಯನ್ನು ಮೊದಲಿನಿಂದಲೇ ಮರೆತಿತ್ತೆನ್ನುವುದೂ ಸರಿಯಲ್ಲ. ಕ್ಷಾಮದ ಕಾಲದಲ್ಲಿ ವಲಸೆ ಹೋದವರಲ್ಲಿ ಐರಿಷ್ ಮಾತನಾಡುವ ಪಶ್ಚಿಮದ ಜಿಲ್ಲೆಗಳ ಬಡವರು ಬಹುಸಂಖ್ಯೆಯಲ್ಲಿದ್ದರು. ಬ್ರೂಕ್ಲಿನ್ನಿನಲ್ಲಿ 1881ರಲ್ಲಿ ಮೀಹಾಲ್ ಓ ಲೋಹಾನ್ ‘ಅನ್ ಗೇಲ್’ ಎಂಬ ದ್ವಿಭಾಷಾ ಪತ್ರಿಕೆಯನ್ನು ಹೊರಡಿಸಿದ. ಗೇಲಿಕ್ ಲೀಗ್ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ಭಾಷೆಯ ಕಾಳಜಿ ಹೊರನಾಡಿನಲ್ಲಿ ಅಚ್ಚಾಗುತ್ತಿತ್ತು. ಆದರೆ ಕೂಲಿ, ಮತ, ಶಾಲೆ ಎಲ್ಲವೂ ಇಂಗ್ಲಿಷನ್ನು ಬೇಡುತ್ತಿದ್ದ ನಗರದಲ್ಲಿ ಭಾಷೆ ತಲೆಮಾರುಗಳ ನಡುವೆ ಸೋರಿಹೋಯಿತು. ಇದಕ್ಕೆ ಮಾರುಕಟ್ಟೆಯೊಂದನ್ನೇ ಹೊಣೆಮಾಡುವುದು ಅನ್ಯಾಯ. ಅದು ಮಾಡಿದ್ದು ಬೇರೆ: ಭಾಷೆಯಿಲ್ಲದೆಯೂ ಐರಿಷರಾಗಿರಬಹುದೆಂಬ ಸಮಾಧಾನವನ್ನು ಅಗ್ಗದ ಬೆಲೆಗೆ ಒದಗಿಸಿತು. ಪತಾಕೆಗಳ ಮೇಲೆ ಇಂದಿಗೂ ಕಾಣುವ ‘ಎರಿನ್ ಗೋ ಬ್ರಾ’ ಎಂಬ ಘೋಷಣೆ, ಐರ್ಲೆಂಡ್ ಎಂದೆಂದಿಗೂ ಎಂಬರ್ಥದ ಐರಿಷ್ ಮಾತನ್ನು ಇಂಗ್ಲಿಷ್ ಕಿವಿ ಕೇಳಿ ಬರೆದುಕೊಂಡ ರೂಪ. ಭಾಷೆಯನ್ನು ಕಲಿಯಲು ವರ್ಷಗಳು ಬೇಕು. ಟೊಪ್ಪಿಗೆಯನ್ನು ಕೊಳ್ಳಲು ಒಂದು ನಿಮಿಷ ಸಾಕು. ಅಂದು ಎಲ್ಲರೂ ಐರಿಷರೇ ಎಂಬ ಜನಪ್ರಿಯ ಮಾತಿನ ಔದಾರ್ಯದ ಹಿಂದೆ ಈ ಲೆಕ್ಕಾಚಾರವಿದೆ.

6

ಮಾರುಕಟ್ಟೆಗೆ ಎದುರಾಗಿ ‘ಸಮುದಾಯ’ವನ್ನು ನಿಲ್ಲಿಸುವ ವಿಮರ್ಶೆಯೂ ಎಚ್ಚರ ವಹಿಸಬೇಕು. ನ್ಯೂಯಾರ್ಕಿನ ಮೆರವಣಿಗೆಯಲ್ಲಿ 1991ರಲ್ಲಿ ಮೇಯರ್ ಡೇವಿಡ್ ಡಿಂಕಿನ್ಸ್ ಐರಿಷ್ ಸಲಿಂಗಕಾಮಿಗಳ ಗುಂಪಿನೊಡನೆ ನಡೆದಾಗ ಅವರ ಮೇಲೆ ಬೈಗುಳದ ಜೊತೆಗೆ ಬಿಯರ್ ಡಬ್ಬಿಗಳೂ ಬಿದ್ದವು. ಅನಂತರ ಆ ಗುಂಪಿಗೆ ತನ್ನ ಹೆಸರಿನಲ್ಲಿ ನಡೆಯಲು ಅವಕಾಶ ದೊರೆಯಲಿಲ್ಲ. ಬಾಸ್ಟನ್ನಿನ ಇಂಥದೇ ವಿವಾದದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ, ಮೆರವಣಿಗೆಯೂ ಒಂದು ಬಗೆಯ ಅಭಿವ್ಯಕ್ತಿ, ಅದರಲ್ಲಿ ಏನು ಹೇಳಬೇಕೆಂಬುದು ಸಂಘಟಕರ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಮೆರವಣಿಗೆಯನ್ನು ಪಠ್ಯವಾಗಿ ಓದಬೇಕೆಂದು ಹೇಳುವ ನಮ್ಮಂಥವರಿಗೆ ಈ ತೀರ್ಪು ಮುಜುಗರದ್ದು. ಪಠ್ಯಕ್ಕೆ ಒಡೆಯರೂ ಇರುತ್ತಾರೆಂಬುದನ್ನು ಅದು ನೆನಪಿಸುತ್ತದೆ.

2014ರಲ್ಲಿ ಗಿನ್ನೆಸ್ ಕಂಪನಿ ನ್ಯೂಯಾರ್ಕಿನ ಮೆರವಣಿಗೆಗೆ ಕೊಡುತ್ತಿದ್ದ ಪ್ರಾಯೋಜಕತ್ವವನ್ನು ಹಿಂತೆಗೆದುಕೊಂಡಿತು. 2015ರಲ್ಲಿ ಮೊದಲು ಒಳಗೆ ಬಂದದ್ದು ಮೆರವಣಿಗೆಯನ್ನು ಪ್ರಸಾರ ಮಾಡುವ ಎನ್‌ಬಿಸಿಯ ನೌಕರರ ಗುಂಪು; ಐರಿಷ್ ಗುಂಪೊಂದಕ್ಕೆ ಅವಕಾಶ ದೊರೆತದ್ದು 2016ರಲ್ಲಿ. ಬಹುಕಾಲ ಬೀದಿಯಲ್ಲಿ ನಿಂತು ಪ್ರತಿಭಟಿಸಿದವರ ಶ್ರಮವಿಲ್ಲದೆ ಕಂಪನಿಗಳು ಅಲುಗಾಡುತ್ತಿರಲಿಲ್ಲ ಎಂಬುದು ನಿಜ. ಆದರೂ ಬಾಗಿಲು ತೆರೆಯುವಲ್ಲಿ ಹಣದ ಕೈಯೂ ಇತ್ತೆಂಬುದನ್ನು ಅಲ್ಲಗಳೆಯಲಾಗದು.

7

ಹಬ್ಬ ತನ್ನ ನೋವಿನ ನೆನಪನ್ನು ಉಳಿಸಿಕೊಂಡ ಎರಡು ಊರುಗಳನ್ನು ಇಲ್ಲಿ ನೆನೆಯಬೇಕು. ಬರ್ಮಿಂಗ್‌ಹ್ಯಾಂ ನಗರದಲ್ಲಿ 1952ರಲ್ಲಿ ಆರಂಭವಾಗಿದ್ದ ಮೆರವಣಿಗೆ, 1974ರ ಬಾಂಬ್ ಸ್ಫೋಟಗಳಲ್ಲಿ 21 ಜನ ಸತ್ತ ಮೇಲೆ ನಿಂತುಹೋಯಿತು. ಐರಿಷ್ ಉಚ್ಚಾರಣೆ ಕೇಳಿದರೆ ಸಾಕು, ಸಂಶಯ ಹುಟ್ಟುತ್ತಿದ್ದ ಕಾಲ ಅದು. 1996ರಲ್ಲಿ ಮೆರವಣಿಗೆ ಮತ್ತೆ ಹೊರಟಾಗ ಹಸಿರು ತೊಟ್ಟು ಬೀದಿಗೆ ಬರುವುದಕ್ಕೇ ಧೈರ್ಯ ಬೇಕಾಗಿತ್ತು.

ಕೆರಿಬಿಯನ್ ದ್ವೀಪವಾದ ಮಾಂಟ್‌ಸೆರಾಟಿನಲ್ಲಿ ಐರಿಷರು ಗುಲಾಮರ ಒಡೆಯರಾಗಿದ್ದರು. ಒಡೆಯರು ಹಬ್ಬದ ಅಮಲಿನಲ್ಲಿರುತ್ತಾರೆಂದು 1768ರ ಮಾರ್ಚ್ 17ರಂದೇ ಗುಲಾಮರು ದಂಗೆಯೇಳಲು ಸಂಚು ಹೂಡಿದ್ದರು. ಅದು ಬಯಲಾಗಿ ಮುಂದಾಳುಗಳು ಪ್ರಾಣ ತೆತ್ತರು. 1985ರಿಂದ ಆ ದಿನ ಅಲ್ಲಿ ಸಾರ್ವಜನಿಕ ರಜೆ. ಅಲ್ಲಿಗೂ ಪ್ರವಾಸಿಗಳು ಬರುತ್ತಾರೆ, ಷ್ಯಾಮ್‌ರಾಕಿನ ಮುದ್ರೆ ಪಾಸ್‌ಪೋರ್ಟಿನ ಮೇಲೆ ಬೀಳುತ್ತದೆ. ಆದರೆ ಐರಿಷರೂ ಕೆಡುಕು ಮಾಡಿದ್ದರೆಂಬ ನೆನಪನ್ನು ಆ ಹಬ್ಬ ಬಿಟ್ಟುಕೊಟ್ಟಿಲ್ಲ. ವ್ಯಾಪಾರದ ನಡುವೆಯೂ ಹಬ್ಬ ಪ್ರಶ್ನೆಯನ್ನು ಉಳಿಸಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಈ ಚರ್ಚೆಯಿಂದ ಹೊರನಾಡ ಕನ್ನಡ ಸಂಘಗಳನ್ನು ಅಭ್ಯಸಿಸುವ ಸಂಶೋಧಕರಿಗೆ ಒಂದು ವಿಧಾನದ ಸೂಚನೆ ದೊರೆಯಬಹುದು. ನವೆಂಬರ್ 1ರ ರಾಜ್ಯೋತ್ಸವದ ವೇದಿಕೆಯನ್ನೂ ಅಲ್ಲಿ ಹಾರುವ ಬಾವುಟವನ್ನೂ ವರ್ಣಿಸಿ ನಿಲ್ಲುವುದು ಸುಲಭ. ಅದಕ್ಕಿಂತ ಸಂಘದ ನಡಾವಳಿ ಪುಸ್ತಕವನ್ನು ಬಿಡಿಸಿ, ಅದು ಯಾವ ವರ್ಷದವರೆಗೆ ಕನ್ನಡದಲ್ಲಿದೆ ಎಂದು ನೋಡಬೇಕು. ಸ್ಮರಣ ಸಂಚಿಕೆಯ ಜಾಹೀರಾತುಗಳು ಯಾರವು, ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ ಎಂಬುದನ್ನು ಗಮನಿಸಬೇಕು. ಹಬ್ಬ ಹೊರನಾಡಿಗೆ ಹೋದುದರಿಂದ ಕೆಡುವುದಿಲ್ಲ, ಹಣ ತಗುಲಿದ ಮಾತ್ರಕ್ಕೂ ಕೆಡುವುದಿಲ್ಲ. ಅದರಲ್ಲಿ ಕೊಳ್ಳಲಾಗದ್ದೇನಾದರೂ ಉಳಿದಿದೆಯೇ ಎಂಬುದನ್ನು ಪ್ರತಿ ಊರಿನಲ್ಲೂ ಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ.