ವಲಸೆಗಾರರ ವೈದ್ಯಪರೀಕ್ಷೆ: ಒಂದು ವಾದದ ಪರಾಮರ್ಶೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ 1891ರ ವಲಸೆ ಶಾಸನವು, ಅಪಾಯಕರವಾದ ಸಾಂಕ್ರಾಮಿಕ ರೋಗವುಳ್ಳವರಿಗೆ ಪ್ರವೇಶವನ್ನು ನಿಷೇಧಿಸಿ, ಬಂದವರನ್ನು ಸರ್ಕಾರಿ ವೈದ್ಯರು ಪರೀಕ್ಷಿಸಬೇಕೆಂದು ವಿಧಿಸಿತು. ಮರುವರ್ಷ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ತಪಾಸಣಾ ಕೇಂದ್ರವೊಂದು ತೆರೆಯಿತು. ಈ ಪರೀಕ್ಷೆಯ ನಿಜವಾದ ಉದ್ದೇಶವೇನು? ಏಮಿ ಫೇರ್‌ಚೈಲ್ಡ್ ಅವರು ‘ಸೈನ್ಸ್ ಅಟ್ ದಿ ಬಾರ್ಡರ್ಸ್’ (2003) ಎಂಬ ಗ್ರಂಥದಲ್ಲಿ ಕೊಡುವ ಉತ್ತರ ವಿಚಾರಾರ್ಹವಾದುದು. ರೋಗದ ನಿಮಿತ್ತ ಹಿಂದಕ್ಕೆ ಕಳುಹಿಸಲ್ಪಟ್ಟವರು ತೀರ ಅಲ್ಪಸಂಖ್ಯಾತರು. ಆದುದರಿಂದ ಪರೀಕ್ಷೆಯ ಮುಖ್ಯಕಾರ್ಯ ಬಹಿಷ್ಕಾರವಲ್ಲ, ಬಂದವರನ್ನು ಕೈಗಾರಿಕೆಯ ದುಡಿಮೆಯ ಶಿಸ್ತಿಗೆ ಒಗ್ಗಿಸುವುದು ಎಂಬುದೇ ಅವರ ವಾದದ ತಿರುಳು.

ಈ ವಾದ ನಿರಾಧಾರವಲ್ಲ. ಮೇಲಿನ ಎರಡು ದರ್ಜೆಗಳ ಪ್ರಯಾಣಿಕರನ್ನು ಹಡಗಿನಲ್ಲಿಯೇ ನೋಡಿ ಬಿಡುತ್ತಿದ್ದರು; ಕೆಳದರ್ಜೆಯವರು ದ್ವೀಪಕ್ಕೆ ಬಂದು ಸಾಲಿನಲ್ಲಿ ನಡೆಯಬೇಕಾಗಿತ್ತು. ವೈದ್ಯರು ಕೆಲವೇ ಕ್ಷಣ ದಿಟ್ಟಿಸಿ, ಸಂಶಯ ಬಂದವರ ಉಡುಪಿನ ಮೇಲೆ ಸೀಮೆಸುಣ್ಣದಿಂದ ಅಕ್ಷರವೊಂದನ್ನು ಬರೆಯುತ್ತಿದ್ದರು. ಟ್ರಕೋಮವೆಂಬ ಕಣ್ಣಿನ ರೋಗವನ್ನು ಹುಡುಕಲು ರೆಪ್ಪೆಯನ್ನು ಮಗುಚುತ್ತಿದ್ದರು. ದುಡಿಯಬಲ್ಲ ದೇಹವೇ ಅಲ್ಲಿನ ಅಳತೆಗೋಲಾಗಿತ್ತೆಂಬುದನ್ನು ನಾವೂ ಒಪ್ಪುತ್ತೇವೆ.

ಆದರೆ ಹಿಂದಿರುಗಿದವರ ಸಂಖ್ಯೆಯೊಂದರಿಂದಲೇ ಬಹಿಷ್ಕಾರವನ್ನು ಅಳೆಯಬಹುದೆ? ನಿಷಿದ್ಧರನ್ನು ಸ್ವಂತ ವೆಚ್ಚದಲ್ಲಿ ವಾಪಸು ಒಯ್ಯುವ ಹೊಣೆಯನ್ನು ಶಾಸನವು ಹಡಗು ಕಂಪೆನಿಗಳ ಮೇಲೆ ಹೊರಿಸಿತ್ತು. 1903ರ ಶಾಸನವು, ಹೊರಡುವಾಗಲೇ ಗುರುತಿಸಬಹುದಾಗಿದ್ದ ರೋಗಿಯನ್ನು ಕರೆತಂದರೆ ತಲೆಗೆ 100 ಡಾಲರ್ ದಂಡವನ್ನೂ ಗೊತ್ತುಮಾಡಿತು. ಹೀಗಾಗಿ ಕಂಪೆನಿಗಳು ಯೂರೋಪಿನ ಬಂದರುಗಳಲ್ಲಿಯೇ ಅನೇಕರನ್ನು ತಡೆದವು. ಇಂಥವರ ಲೆಕ್ಕ ಎಲ್ಲಿಸ್ ದ್ವೀಪದ ದಫ್ತರಗಳಲ್ಲಿ ದೊರೆಯಲಾರದು.

ಎರಡನೆಯದಾಗಿ, ಪಶ್ಚಿಮ ಕರಾವಳಿಯ ಸಾಕ್ಷ್ಯ. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ ಏಷ್ಯದ ವಲಸೆಗಾರರ ಮಲಪರೀಕ್ಷೆ ನಡೆಯಿತು. ಕೊಕ್ಕೆಹುಳುವಿನ ರೋಗವು ಪಂಜಾಬಿನಿಂದ ಹೋದ ನಮ್ಮ ಕೂಲಿಕಾರರನ್ನು ಹೊರಗಿಡಲು ಒಂದು ಕಾರಣವಾಯಿತು. ಅದು ವಾಸಿಯಾಗುವ ರೋಗ. ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಡಪ್ರಜೆಗಳಲ್ಲಿ ಅದೇ ರೋಗವನ್ನು ನೀಗಿಸಲು 1909ರಲ್ಲಿ ರಾಕ್‌ಫೆಲ್ಲರ್ ಆಯೋಗ ಸ್ಥಾಪಿತವಾಗಿತ್ತು. ಪ್ರಜೆಗೆ ಚಿಕಿತ್ಸೆ ತಂದ ಹುಳು ಪರದೇಶಿಗೆ ಬಾಗಿಲು ಮುಚ್ಚಿತು. ಪ್ರಾದೇಶಿಕ ಭೇದವನ್ನು ಗ್ರಂಥಕರ್ತ್ರಿಯವರೂ ಗುರುತಿಸಿದ್ದಾರೆ. ನಮ್ಮ ದೃಷ್ಟಿಯಲ್ಲಿ ಇದು ಸಾಮಾನ್ಯ ನಿಯಮಕ್ಕೊಂದು ಅಪವಾದವಲ್ಲ. ನಿಯಮವನ್ನೇ ಒರೆಗೆ ಹಚ್ಚುವ ಸಂಗತಿ. 1917ರಲ್ಲಿ ಭಾರತವನ್ನೊಳಗೊಂಡ ನಿಷಿದ್ಧ ವಲಯವೇ ಶಾಸನಬದ್ಧವಾದಾಗ, ಕೂಲಿಕಾರನನ್ನು ತಡೆಯಲು ರೋಗದ ನೆಪವೂ ಬೇಕಾಗಲಿಲ್ಲ.

ಗ್ರಂಥವು ವಿದ್ಯಾರ್ಥಿಗಳಿಗೆ ಅವಶ್ಯ ಪಠನೀಯ. ಆದರೆ ಶಾಸನದಲ್ಲಿ ‘ರೋಗ’ವೆಂಬ ಶಬ್ದ ಕಂಡಲ್ಲೆಲ್ಲ, ಅದು ಯಾರ ದೇಹದಲ್ಲಿ, ಯಾವ ತೀರದಲ್ಲಿ ರೋಗವೆನಿಸಿತೆಂದು ಇತಿಹಾಸಕಾರನು ಕೇಳಬೇಕು; ಹೊರಡುವ ಮೊದಲೇ ತಡೆಯಲ್ಪಟ್ಟವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.