ಪದವೂ ಪದಾರ್ಥವೂ

ಶ್ರವಣಬೆಳಗೊಳದ ಗೊಮ್ಮಟನ ಪಾದಗಳ ಬಳಿ, ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದನೆಂಬ ಸಂಗತಿಯನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಕೆತ್ತಿದ್ದಾರೆ. ಒಂದನ್ನು ಓದಬಲ್ಲವನು ಉಳಿದೆರಡನ್ನು ಊಹಿಸಿಕೊಂಡಾನು. ಹೇಳುತ್ತಿರುವ ವಸ್ತು ಕಣ್ಣೆದುರಿಗೇ ನಿಂತಿದೆಯಷ್ಟೆ.

10ನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಪಿ.ಯು.ಸಿ. ವಿಜ್ಞಾನಕ್ಕೆ ಸೇರುವ ಈ ಸೀಮೆಯ ಹುಡುಗರಿಗೆ ಅಂಥ ಅನುಕೂಲವಿಲ್ಲ. ಅವರ ಕೈಗೆ ಬರುವುದು ಪದಪಟ್ಟಿ: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಉರುಹೊಡೆದದ್ದೇ ಪಾಠ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನಬೇಡಿ. ಅರ್ಥ ಕೇಳಿಕೊಂಡು ಅವರು ಬರುವುದು ನನ್ನ ಬಳಿಗೇ.

ಉದ್ದನೆಯ ಪದಗಳು ಹೇಗೋ ಬಾಯಿಪಾಠವಾಗುತ್ತವೆ. ‘ಪವರ್’ ಎಂಬ ಸಣ್ಣ ಮಾತನ್ನು ನೋಡಿ. ಗಣಿತದಲ್ಲಿ ಅದು ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ, ರಾಜ್ಯಶಾಸ್ತ್ರದಲ್ಲಿ ಅಧಿಕಾರ. ಮನೆಯಲ್ಲಂತೂ ಸಂಜೆ ಹೋಗಿ ರಾತ್ರಿ ಬರುವ ಕರೆಂಟು! ಪಟ್ಟಿಯಲ್ಲಿ ಇರುವುದು ಇವುಗಳಲ್ಲಿ ಯಾವುದೋ ಒಂದು.

ಇನ್ನು ‘ಆಕ್ಸಿಜನ್’. ನಮ್ಮ ‘ಆಮ್ಲಜನಕ’ ಅದರ ಗ್ರೀಕ್ ಧಾತುಗಳ ನೇರ ಅನುವಾದ. ಆಮ್ಲಗಳೆಲ್ಲಕ್ಕೂ ಈ ಅನಿಲವೇ ಮೂಲವೆಂದು 18ನೆಯ ಶತಮಾನದಲ್ಲಿ ಲವಾಸಿಯೆ ನಂಬಿ ಆ ಹೆಸರಿಟ್ಟ. ನಂಬಿಕೆ ತಪ್ಪಾಯಿತು, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಹೆಸರು ಮಾತ್ರ ಎರಡು ಭಾಷೆಗಳಲ್ಲೂ ಉಳಿಯಿತು. ಇಷ್ಟನ್ನು ಐದು ನಿಮಿಷ ಹೇಳಿದರೆ ಹುಡುಗನಿಗೆ ಎರಡು ಪದಗಳೂ ಒಂದಿಷ್ಟು ರಸಾಯನಶಾಸ್ತ್ರವೂ ಒಟ್ಟಿಗೆ ದಕ್ಕುತ್ತವೆ.

ಕನ್ನಡವನ್ನು ತರಗತಿಯಿಂದ ಹೊರಗಟ್ಟಿದರೆ ಇಂಗ್ಲಿಷ್ ಬೇಗ ಬರುತ್ತದೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಪ್ರನಾಳದಲ್ಲಿ ಕಂಡದ್ದನ್ನು ಹುಡುಗ ಮೊದಲು ತನ್ನ ಮಾತಿನಲ್ಲಿ ಹೇಳಲಿ. ಅದನ್ನೇ ಒಂದು ಇಂಗ್ಲಿಷ್ ವಾಕ್ಯವಾಗಿ ಬರೆಯಲಿ. ಪಾರಿಭಾಷಿಕ ಪದ ಆ ವಾಕ್ಯದೊಳಗೆ ಬರಲಿ. ಈಗ ಆಗುತ್ತಿರುವುದೇನು? ಎಸ್.ಎಸ್.ಎಲ್.ಸಿ.ಯಲ್ಲಿ ಮುಂದಿದ್ದವನು ದೀಪಾವಳಿಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಮೂಕನಾಗಿ, ತನಗೆ ಬುದ್ಧಿ ಸಾಲದೆಂದು ವಿಜ್ಞಾನವನ್ನೇ ಬಿಡುತ್ತಾನೆ.