ಕರಿಕಲ್ಲಿನ ನಡುವೆ ಒಂದು ಹಲ್ಲು

ಪರಸಿ ಕಲ್ಲಿನ ಮೇಲೆ ಕಾಣುವ ಕಪ್ಪು ಗಿಡಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅವು ಗಿಡಗಳಲ್ಲ, ಕಲ್ಲಿನ ಸಂದಿಗಿಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕಲೆ. ತಾಳಿಕೋಟೆ, ಶಹಾಬಾದ್ ಕಡೆಯ ಆ ಸುಣ್ಣಕಲ್ಲು ಭೂಮಿಯ ಮೇಲೆ ಮೀನೇ ಹುಟ್ಟಿರದ ಕಾಲದ್ದು. ಅದರಲ್ಲಿ ಮೀನಿನ ಅಚ್ಚಿದೆ ಎಂದು ಯಾರಾದರೂ ಮಾರಲು ಬಂದರೆ ಹಾಗೇ ಕಳಿಸಿ.

ಮೀನು ಬೇಕಾದರೆ ಸಿಂದಗಿ, ಇಂಡಿಯ ಎರೆಹೊಲಗಳ ಅಡಿಗಿರುವ ಕರಿಕಲ್ಲಿನ ಸೀಮೆಗೇ ಬರಬೇಕು. ಲಾವಾದ ಒಂದು ಹರಿವು ಆರಿ ಇನ್ನೊಂದು ಬರುವ ನಡುವೆ ಕೆರೆ ತುಂಬಿ, ಕೆಸರು ಕೂತು, ಜೀವ ಬಾಳುವಷ್ಟು ಬಿಡುವು ಇತ್ತೆಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ದಖ್ಖನ್ನಿನ ಅಂಥ ಪದರಗಳಲ್ಲಿ ಸಿಕ್ಕವುಗಳ ಪೈಕಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಗ್ಡಬಾಟಿಸ್.

ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿನ ಬಳಗದ್ದು ಇದು. ಮೈಯೆಲ್ಲ ಮೃದ್ವಸ್ಥಿ, ಹಾಗಾಗಿ ಕಲ್ಲಾಗಿ ಉಳಿದದ್ದು ಹಲ್ಲು ಮಾತ್ರ. ಆ ಹಲ್ಲನ್ನು ಭೂತಗನ್ನಡಿಯಲ್ಲಿ ನೋಡಬೇಕು! ಮೇಲ್ಭಾಗ ದಪ್ಪಗೆ, ಸಪಾಟಾಗಿ, ಚಿಪ್ಪು ಅರೆದು ನುಣುಪಾಗಿರುತ್ತದೆ. ತಿರುವಿದರೆ ಬೇರಿನ ಉದ್ದಕ್ಕೂ ಬಾಚಣಿಗೆಯ ಹಾಗೆ ಸಾಲು ಸಾಲು ಗೀರು. ಬಾಯೊಳಗೆ ಒಂದಕ್ಕೊಂದು ಅಂಟಿಕೊಂಡು ಹಾಸಿನಂತೆ ಕೂತಿದ್ದ ಹಲ್ಲುಗಳಿವು. 1972ರಲ್ಲಿ ಆಂರಿ ಕಪೆಟ್ಟಾ ಆಫ್ರಿಕದ ನೈಜರ್ ದೇಶದ ಪಳೆಯುಳಿಕೆಗಳಿಂದ ಈ ಕುಲವನ್ನು ಗುರುತಿಸಿದರು. 1993ರಲ್ಲಿ ಜಿ.ವಿ.ಆರ್. ಪ್ರಸಾದ್ ಅವರೊಂದಿಗೆ ಸೇರಿ ಭಾರತದ ಪ್ರಭೇದಕ್ಕೆ ಇಗ್ಡಬಾಟಿಸ್ ಇಂಡಿಕಸ್ ಎಂದು ಹೆಸರಿಟ್ಟರು.

ಡೈನೋಸಾರ್ ಮೂಳೆ, ಮೊಟ್ಟೆ ಎಂದರೆ ಮಾತ್ರ ಎದ್ದು ಕೂರುವ ಮಂದಿಗೆ ಬಹಳ ದಿನಗಳಿಂದ ಒಂದು ಮಾತು ಹೇಳಬೇಕೆಂದಿದ್ದೆ. ದಖ್ಖನ್ ಲಾವಾ ಕೋಟಿಗಟ್ಟಲೆ ವರ್ಷ ನಿಧಾನವಾಗಿ ಹರಿಯಿತೆಂದೇ ಹಿಂದೆ ಬಹುಪಾಲು ಜನ ನಂಬಿದ್ದರು. 1986ರಲ್ಲಿ ವಿನ್ಸೆಂಟ್ ಕೂರ್ತಿಯೊ ಮತ್ತು ಸಂಗಡಿಗರು, ಕಪೆಟ್ಟಾ ಕೂಡ ಅವರಲ್ಲೊಬ್ಬರು, ಅದು ಅಲ್ಪಾವಧಿಯಲ್ಲಿ, ಡೈನೋಸಾರುಗಳು ಅಳಿದ ಹೊತ್ತಿನ ಆಸುಪಾಸಿನಲ್ಲೇ ಉಕ್ಕಿತೆಂದು ವಾದಿಸಿದರು. ಕಲ್ಲಿನ ಕಾಂತತ್ವ ಒಂದು ಸಾಕ್ಷಿ. ಲಾವಾ ಹರಿವುಗಳ ನಡುವಿನ ಕೆಸರಲ್ಲಿ ಸಿಕ್ಕ ಇಗ್ಡಬಾಟಿಸ್ ಹಲ್ಲು ಇನ್ನೊಂದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮುಗಿದ ಮಾಸ್ಟ್ರಿಕ್ಟಿಯನ್ ಕಾಲದ ಮೀನು ಅಲ್ಲಿದೆ ಎಂದರೆ ಆ ಕೆಸರೂ ಆ ಕಾಲದ್ದೇ. ಎಷ್ಟು ದೊಡ್ಡ ತೊಡೆಮೂಳೆಯೂ ಇಷ್ಟು ಖಚಿತವಾಗಿ ನುಡಿಯಲಿಲ್ಲ.

ಹಾಗಾದರೆ ಇಲ್ಲೆಲ್ಲ ಸಮುದ್ರವಿತ್ತೇ? ನಾನು ಒಪ್ಪುವುದಿಲ್ಲ. ನಮಗೆ ಹತ್ತಿರದ ಗುರುಮಠಕಲ್ಲಿನ ಲಾವಾ ನಡುವಿನ ಪದರದಲ್ಲಿ ಸಿಕ್ಕ ಆಸ್ಟ್ರಕೋಡುಗಳು, ಅಂದರೆ ಚಿಪ್ಪಿನೊಳಗೆ ಬಾಳುವ ಪುಟ್ಟ ನೀರಜೀವಿಗಳು, ಸಮುದ್ರದವಲ್ಲ. ಬಂಧುಗಳು ಕಡಲಿನವರೆಂದು ಪ್ರತಿ ತೊರಕೆಯೂ ಕಡಲಲ್ಲೇ ಇರಬೇಕಿಲ್ಲ. ಅಮೆಜಾನ್ ನದಿಯಲ್ಲಿ ಇಂದಿಗೂ ತೊರಕೆಗಳಿವೆ. ಒಂದು ಹಲ್ಲು ಸಿಕ್ಕ ಕೂಡಲೇ ದಖ್ಖನ್ನಿನೊಳಗೆ ಕಡಲು ಎಳೆದು ತರುವವರು ಅದರ ಜತೆಗಿರುವ ಬಸವನಹುಳು, ಪಾಚಿಬೀಜಗಳನ್ನೂ ನೋಡಲಿ.

ಬಾವಿ ತೋಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಎರಡು ಕರಿಕಲ್ಲಿನ ನಡುವೆ ಇಟ್ಟಿಗೆ ಬಣ್ಣದ ಮಣ್ಣು ಕಂಡರೆ ಬಿಡಿ, ಅದರಲ್ಲಿ ಏನಾದರೂ ಸಿಗುವುದು ಅಪರೂಪ. ಬೂದು ಜೇಡಿ ಬಂದು, ಅದರಲ್ಲಿ ಸಣ್ಣ ಶಂಖದ ಹುಳುವಿದ್ದರೆ, ಚೂಪು ತುದಿ ಮೇಲೆ ಮಾಡಿ ಹಿಡಿಯಿರಿ. ಬಾಯಿ ಎಡಕ್ಕಿದ್ದರೆ ಅದು ಫೈಸಾ ಇರಬಹುದು, ಲಾವಾ ನಡುವಿನ ಕೆರೆಗಳ ಹಳೆಯ ಗುರುತು. ಆ ಜೇಡಿಯನ್ನು ಒಂದು ಚೀಲ ತುಂಬಿಸಿ, ತೆಗೆದ ಆಳವನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ನೀರಲ್ಲಿ ಕರಗಿಸಿ, ಸಣ್ಣ ಜರಡಿಯಲ್ಲಿ ಸೋಸುವ ಕೆಲಸ ನನಗಿರಲಿ.